ಹಸಿರು ಲೈನಿನ ಉಲ್ಟಾ ರೈಲು

೧೪ ನವೆಂಬರ್, ಶುಕ್ರವಾರ. ಮೆಜೆಸ್ಟಿಕ್ ಹತ್ತಿರದ ಲಾಡ್ಜ್.

ಸಿಟ್ಟು ಇನ್ನೂ ಇಳಿದಿಲ್ಲ. ಮಕ್ಕಳ ಕತೆ ಓದುವ ಕೆಲಸಕ್ಕೆ ಧ್ವನಿ ಪರೀಕ್ಷೆ ಇದೆ ಎಂದು ಸೊರಬದಿಂದ ನಿನ್ನೆ ರಾತ್ರಿ ಬಸ್ಸು ಹತ್ತಿದೆ. ‘ನಿಂಗೆ ಬೆಂಗಳೂರು ಗೊತ್ತಾಗಲ್ಲ’ ಅಂತ ಇವರೂ ಜೊತೆಗೆ ಹೊರಟರು.

ಸ್ಟುಡಿಯೋ ಇರುವ ಜಯನಗರಕ್ಕೆ ಹಸಿರು ಲೈನಿನ ಮೆಟ್ರೋ, ಅದು ಸರಿ. ಆದರೆ ಇವರು ಹತ್ತಿಸಿದ್ದು ಮಾದಾವರದ ಕಡೆ ಹೋಗುವ ರೈಲು. ಬೋರ್ಡು ಓದಿ, ‘ರೀ, ಇದು ಉಲ್ಟಾ ಹೋಗ್ತದೆ’ ಅಂದೆ.

‘ಸುಮ್ನೆ ಕೂತ್ಕ. ನಂಗೊತ್ತು.’

ಶ್ರೀರಾಂಪುರ ಬಂತು, ರಾಜಾಜಿನಗರ ಬಂತು. ಪಕ್ಕದ ಹುಡುಗಿಯನ್ನು ಕೇಳಲು ಎದ್ದರೆ ಕೈ ಹಿಡಿದು ಕೂರಿಸಿದರು. ಕೇಳಿದರೆ ಮರ್ಯಾದೆ ಹೋಗ್ತದಂತೆ! ಯಶವಂತಪುರದಲ್ಲಿ ನಾನೇ ಎದ್ದು ಇಳಿದೆ. ಮತ್ತೆ ಅಷ್ಟೂ ಸ್ಟೇಷನ್ ವಾಪಸ್.

ಸ್ಟುಡಿಯೋ ಬಾಗಿಲಲ್ಲಿದ್ದ ಹೆಂಗಸು, ‘ಮುಗೀತಲ್ಲ ಮೇಡಂ, ರೆಕಾರ್ಡಿಂಗಿನವರು ಹೊರಟುಹೋದ್ರು’ ಅಂದಳು. ಒಂದು ತಿಂಗಳು ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಓದಿ ಕಲಿತಿದ್ದೆ. ಬಾಯಿ ತೆರೆಯುವುದಕ್ಕೂ ಆಗಲಿಲ್ಲ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಸಂಜೆ ಇವರು ಅತ್ತೆಗೆ ಫೋನ್ ಮಾಡಿ, ‘ಆಗ್ಲಿಲ್ಲಮ್ಮ. ವಾಣಿಶ್ರೀ ಧ್ವನಿ ಅವರಿಗೆ ಹಿಡಿಸ್ಲಿಲ್ಲ’ ಅಂದರು.

ಫೋನ್ ಕಿತ್ತುಕೊಂಡೆ. ‘ಅತ್ತೆ, ನನ್ನ ಧ್ವನಿ ಯಾರೂ ಕೇಳೇ ಇಲ್ಲ. ನಿಮ್ಮ ಮಗ ನನ್ನ ಯಶವಂತಪುರಕ್ಕೆ ಕರ್ಕೊಂಡು ಹೋಗಿದ್ರು.’

ಅತ್ತೆ, ‘ಫೋನು ಅವನಿಗೆ ಕೊಡು’ ಅಂದರು. ಏನು ಬೈದರೋ, ಇವರು ಗೋಡೆ ಕಡೆ ತಿರುಗಿ ಮಲಗಿದ್ದಾರೆ.

ಬೆಳಿಗ್ಗೆ ಒಬ್ಬಳೇ ಸ್ಟುಡಿಯೋಗೆ ಹೋಗಿ, ಇನ್ನೊಂದು ದಿನ ಕೊಡಿ ಅಂತ ಕೇಳ್ತೇನೆ. ಒಪ್ಪುತ್ತಾರೋ ಇಲ್ಲವೋ, ಕೇಳದೆ ಮಾತ್ರ ಊರಿಗೆ ಹೋಗುವುದಿಲ್ಲ.