ಹಿತ್ತಿಲ ಗುಡ್ಡೆ ಬಿಸಿಯಾಗಿದೆ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ಅತ್ತೆಯ ಮಂಚದ ಪಕ್ಕ, ವಿಷಯವೂ ಅತ್ತೆಯದೇ. ಅದಕ್ಕೆ ಬರೆಯುತ್ತಿದ್ದೇನೆ. ಕೂತು ಬರೆಯುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಎರಡು ಸಾಲು ಬರೆಯುವುದು, ಎದ್ದು ಹಿತ್ತಿಲಿಗೆ ಹೋಗಿ ಬರುವುದು, ಹೀಗೇ ಆಗುತ್ತಿದೆ.

ಹಿತ್ತಿಲ ಗೋಡೆಯಾಚೆಯ ಪೆಟ್ರೋಲ್ ಬಂಕಿನ ಟ್ಯಾಂಕು ನೆಲದಡಿ ಸೋರಿ, ನಮ್ಮ ಮಣ್ಣಿಗೂ ಬಾವಿಗೂ ಡೀಸೆಲ್ ಇಳಿದದ್ದು ನಿಮಗೆ ಗೊತ್ತೇ ಇದೆ. ನಿಮ್ಮ ತಮ್ಮ ಹೋದ ಮೇಲೆ ಅದನ್ನು ಸರಿಪಡಿಸಲು ಒಬ್ಬ ಮೇಡಂ ಬಂದರು. ಅತ್ತೆ ಅವರನ್ನು ಮಣ್ಣಿನ ಮೇಡಂ ಎನ್ನುತ್ತಾರೆ. ಕೆಟ್ಟ ಮಣ್ಣನ್ನು ಅಗೆಸಿ, ಒಣಹುಲ್ಲು, ಗೊಬ್ಬರ ಬೆರೆಸಿ, ತಳದಲ್ಲಿ ಗಾಳಿಯಾಡಲು ತೂತಿನ ಪೈಪು ಹಾಕಿಸಿ, ಹಿತ್ತಿಲ ಉದ್ದಕ್ಕೂ ಗುಡ್ಡೆ ಮಾಡಿಸಿದರು. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಗಾಳಿ, ನೀರು ಕೊಟ್ಟು ಸಾಕಿದರೆ ಅವೇ ಎಣ್ಣೆಯನ್ನು ತಿಂದು ಮುಗಿಸುತ್ತವಂತೆ. ಮಳೆಗಾಲದೊಳಗೆ ಮಣ್ಣು ಸರಿಹೋಗದಿದ್ದರೆ ನಾವು ಮನೆ ಖಾಲಿ ಮಾಡಬೇಕು ಎಂದೂ ಹೇಳಿದ್ದರು.

ಬ್ಯಾಕ್ಟೀರಿಯಾ ಎಂಬ ಮಾತು ಅತ್ತೆಯ ಕಿವಿಗೆ ಬಿದ್ದದ್ದೇ ತಪ್ಪಾಯಿತು. ನಿಮ್ಮ ತಮ್ಮನ ಕಾಲಿಗೆ ಮೊಳೆ ಚುಚ್ಚಿ, ನಂಜು ರಕ್ತಕ್ಕೆ ಏರಿದಾಗ ಆಸ್ಪತ್ರೆಯ ಡಾಕ್ಟರು ಹೇಳಿದ್ದೂ ಅದೇ ಮಾತು.

ಕಳೆದ ವಾರ ಮೇಡಂ ಬಂದು, ಟಾರ್ಪಾಲು ಸರಿಸಿ, ಗುಡ್ಡೆಯೊಳಗೆ ಮೊಳಕೈವರೆಗೆ ಕೈ ತೂರಿಸಿದರು. ಕೆಲಸ ನಡೆಯುತ್ತಿದ್ದರೆ ಒಳಗೆ ಬಿಸಿ ಇರಬೇಕು. ತಣ್ಣಗಿತ್ತು. ಕೈ ಮೂಸಿಕೊಂಡು, "ಇಲ್ಲಿ ಫಿನಾಯಿಲ್ ಸುರಿದಿದ್ದು ಯಾರು?" ಎಂದರು.

ಅತ್ತೆ ಅಳುಕಲಿಲ್ಲ.

"ನಾನೇ ಕಣಮ್ಮ. ಆಸ್ಪತ್ರೇಲಿ ನೆಲಕ್ಕೆ ಅದನ್ನೇ ತಾನೆ ಹಾಕೋದು? ನನ್ನ ಮಗನ್ನ ತಿಂದಿದ್ದು ಸಾಲ್ದು ಅಂತ ಈಗ ನನ್ನ ಹಿತ್ತಲಲ್ಲೇ ಕೂರಿಸಿ ಸಾಕ್ತಿದ್ದೀರಲ್ಲ!"

"ಅಮ್ಮಾ, ಅವು ಬೇರೆ, ಇವು ಬೇರೆ. ಇವು ಎಣ್ಣೆ ತಿನ್ನೋವು."

"ಎಣ್ಣೆ ಮುಗಿದ ಮೇಲೆ? ನನ್ನ ಸೊಸೇನ ತಿಂತಾವಾ?"

"ತಿನ್ನೋಕೆ ಸಿಗದೆ ಸಾಯ್ತಾವೆ."

"ಆ ಡಾಕ್ಟರೂ ಸಾಯ್ತಾವೆ ಅಂತಲೇ ಹೇಳಿದ್ದ. ಕೊನೆಗೆ ಸತ್ತಿದ್ದು ಯಾರು?"

ಮೇಡಂ ಫಿನಾಯಿಲ್ ಬಿದ್ದ ಮಣ್ಣನ್ನು ತೆಗೆಸಿ, ಗುಡ್ಡೆಯ ಇನ್ನೊಂದು ತುದಿಯಲ್ಲಿ ಕೆಡದೆ ಉಳಿದಿದ್ದ ಮಣ್ಣನ್ನು ಹಾಲಿಗೆ ಹೆಪ್ಪು ಹಾಕುವ ಹಾಗೆ ಅಲ್ಲಲ್ಲಿ ಬೆರೆಸಿದರು. ಹೋಗುವಾಗ ನನ್ನೊಬ್ಬಳನ್ನೇ ಕರೆದು, ಇನ್ನೊಮ್ಮೆ ಹೀಗಾದರೆ ಮಳೆಗೆ ಮುಂಚೆ ಮುಗಿಸಲು ಆಗುವುದಿಲ್ಲ ಎಂದರು.

ಆದ್ದರಿಂದ ಅತ್ತಿಗೆ, ಈ ಭಾನುವಾರ ಬಂದು ಅತ್ತೆಯನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿ. ಮೊಮ್ಮಕ್ಕಳ ನೆಪ ಹೇಳಿ. ನನ್ನ ಬಗ್ಗೆ ಯೋಚನೆ ಬೇಡ. ಹೊತ್ತು ಹೊತ್ತಿಗೆ ಗುಡ್ಡೆಗೆ ನೀರು ಹಾಕುತ್ತೇನೆ, ಉಣ್ಣುತ್ತೇನೆ, ಮಲಗುತ್ತೇನೆ. ನಿನ್ನೆ ನಾನೂ ಗುಡ್ಡೆಯೊಳಗೆ ಕೈಯಿಟ್ಟು ನೋಡಿದೆ. ಬಿಸಿ ಇತ್ತು. ಒಳ್ಳೆಯ ಸುದ್ದಿ ತಾನೆ. ಕೈ ತೊಳೆದುಕೊಂಡು ಒಳಗೆ ಬಂದೆ.

ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮ ತಮ್ಮನ ಮನೆಯವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಮತ್ತೆ ಹಿತ್ತಿಲಿಗೆ ಹೋಗಿದ್ದೆ. ಅತ್ತೆ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ಗುಡ್ಡೆಗೆ ನೀರು ಚಿಮುಕಿಸುತ್ತಿದ್ದರು. ಚೊಂಬು ಕಿತ್ತುಕೊಂಡು ಮೂಸಿದೆ. ಬರೀ ನೀರು. "ನಾಯಿ ಹಾಗೆ ಮೂಸ್ಬೇಡ ಕಣೆ" ಎಂದು ನಕ್ಕರು. "ಮಣ್ಣು ಸರಿಯಾಗ್ದೇ ಹೋದ್ರೆ ನನ್ನ ಮಗ ಓಡಾಡಿದ ಮನೆ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ? ತಿನ್ಲಿ ಬಿಡು, ದರಿದ್ರದವು. ಬಾ, ಕೈಯಿಟ್ಟು ನೋಡು." ನನ್ನಿಂದ ಆಗಲಿಲ್ಲ ಅತ್ತಿಗೆ. ಆಸ್ಪತ್ರೆಯಲ್ಲಿ ನಿಮ್ಮ ತಮ್ಮನ ಕಾಲು ಮುಟ್ಟಿದರೆ ಹೀಗೇ ಬಿಸಿ ಇರುತ್ತಿತ್ತು. ನಿನ್ನೆಯಿಂದ ಕೈ ತೊಳೆಯುತ್ತಲೇ ಇದ್ದೇನೆ, ಚರ್ಮ ಸುಲಿದಿದೆ. ಭಾನುವಾರದವರೆಗೆ ಕಾಯಬೇಡಿ. ಅತ್ತೆ ಇಲ್ಲೇ ಇರಲಿ. ನನ್ನನ್ನು ಕರೆದುಕೊಂಡು ಹೋಗಿ.