ಅಪ್ಪನ ಹಿತ್ತಾಳೆ ಹಾರ್ನ್

ತಾರೀಕು ಹತ್ತೊಂಬತ್ತು, ಗುರುವಾರ, ಬೆಳಿಗ್ಗೆ

ತಮ್ಮನಿಗೆ ಅಣ್ಣ ಬರೆಯುವುದು.

‘ಪ್ರೀತಿಯ’ ಅಂತ ಮೊದಲು ಬರೆದು ಗೀಚಿ ಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು. ಹನ್ನೊಂದು ವರ್ಷ ಒಂದು ಅಕ್ಷರ ಹಾಕದವನು ಆ ಪದ ಬರೆದರೆ ನೀನು ಅಲ್ಲಿಗೇ ಹರಿದು ಬಿಸಾಡುತ್ತೀಯ. ಹರಿಯಬೇಡ. ಪೂರ್ತಿ ಓದು, ಆಮೇಲೆ ಒಲೆಗಾದರೂ ಹಾಕಿಕೋ. ಅಕ್ಷರ ಸೊಟ್ಟಪಟ್ಟವಾಗಿದೆ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ಮೇಲೆ ಸ್ಲೇಟು ಎಸೆದು ಮನೆಗೆ ಬಂದವನ ಅಕ್ಷರ ಎಂದೂ ದುಂಡಗಿರಲಿಲ್ಲ. ಈ ಸಲ ಇನ್ನೂ ಕೆಟ್ಟದಾಗಿದೆ. ಬೆಂಚು ಅಲ್ಲಾಡುತ್ತದೆ ಅಂದುಕೋ.

ಫೋನ್ ಮಾಡಬಹುದಿತ್ತು, ನಂಬರು ಸಿಕ್ಕಿದೆ. ಆದರೆ ಎರಡನೇ ಮಾತಿಗೆ ನನ್ನ ಬಾಯಲ್ಲಿ ಬೈಗುಳ ಬರುತ್ತದೆ, ಮೂರನೇ ಮಾತಿಗೆ ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ನಾನು ಬೈದದ್ದನ್ನು ಗೀಚಿ ಹಾಕಬಹುದು.

ವಿಷಯ ಇಷ್ಟು. ನಾನೊಂದು ಹಳೇ ಪಿಕಪ್ ಗಾಡಿ ಕೊಂಡೆ. ವೆಲ್ಡಿಂಗ್ ಸೆಟ್ಟು, ಗೇಟು, ಗ್ರಿಲ್ಲು ಸಾಗಿಸುತ್ತಿದ್ದ ನಮ್ಮ ಗಾಡಿ ಕೈಕೊಟ್ಟು ಎರಡು ತಿಂಗಳಾಯಿತು. ದೇಶದ ಈ ಕೊನೆಯಲ್ಲಿ ಒಂದು ಯಾರ್ಡಿನಲ್ಲಿ ಅಗ್ಗಕ್ಕೆ ಒಳ್ಳೆಯದು ನಿಂತಿದೆ ಅಂತ ನಮ್ಮ ಮೀಸೆ ಡ್ರೈವರು ಹೇಳಿದ. ಓಡಿಸಿಕೊಂಡು ಬಂದರೆ ನಾಲ್ಕು ದಿನದ ದಾರಿ. ನಿನ್ನ ಅತ್ತಿಗೆ ಉಗಿದಳು. ನಮ್ಮೂರಲ್ಲಿ ಗಾಡಿಗಳೆಲ್ಲ ಸತ್ತು ಹೋದವಾ, ಅರವತ್ತಾರು ವರ್ಷದ ಮುದುಕ ಅಷ್ಟು ದೂರ ಹೋಗಿ ತಗಡಿನ ಡಬ್ಬ ತರಬೇಕಾ ಅಂತ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಬಸ್ಸು ಹತ್ತಿದೆ.

ಅವಳಿಗೆ ಹೇಳದೆ ಇದ್ದದ್ದನ್ನು ನಿನಗೆ ಹೇಳುತ್ತೇನೆ. ಅಗ್ಗ ಗಿಗ್ಗ ಎಲ್ಲ ಸುಳ್ಳು. ಆ ಗಾಡಿಯ ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆ ಹಾರ್ನ್ ಇದೆ, ರಬ್ಬರ್ ಉಂಡೆ ಹಿಸುಕಿದರೆ ಕೂಗುವಂಥದ್ದು, ನಿಮ್ಮಪ್ಪನ ಲಾರಿಯಲ್ಲಿ ಇದ್ದ ಹಾಗೆ ಅಂದಿದ್ದ ಮೀಸೆ. ನೀನು ಬೆರಳು ಬೇಕಾದರೆ ಮಾರುತ್ತೀಯ, ಆ ಹಾರ್ನ್ ಮಾರುವವನಲ್ಲ. ಹಾರ್ನ್ ಯಾರ್ಡಿಗೆ ಬಂದಿದೆ ಅಂದರೆ ನೀನು ಸತ್ತಿದ್ದೀಯ ಅಂದುಕೊಂಡೆ. ನಿನ್ನ ಹೆಣ ಹುಡುಕಿಕೊಂಡು ಬಂದವನು ನಾನು. ಗಾಡಿ ಕೊಳ್ಳುವುದಕ್ಕೆ ಬಂದವನಲ್ಲ.

ಯಾರ್ಡಿನವನು ನನ್ನ ಮುಖ ನೋಡಿ, ನೀವೇ ಅಲ್ವಾ ಮಾರಿ ಹೋದದ್ದು, ಗಡ್ಡ ಬಿಟ್ಟಿದ್ದೀರಾ ಅಂದ. ಆಗ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಅವನಿಗೆ ನಾಲ್ಕು ಬೈದೆ. ಮಾರಿದವನು ಎಡಗೈಯಲ್ಲಿ ಸಹಿ ಹಾಕಿದನಂತೆ, ಕೊಟ್ಟ ಟೀಯನ್ನೂ ಕುಡಿಯದೆ ಹೊರಟನಂತೆ. ಕಾಗದಪತ್ರದಲ್ಲಿ ನಿನ್ನ ವಿಳಾಸ ಇತ್ತು. ಬದುಕಿದ್ದೀಯ, ಅಷ್ಟು ಸಾಕು ಅಂತ ಗಾಡಿ ತೆಗೆದುಕೊಂಡು ಹೊರಟೆ.

ಒಳ್ಳೆ ಗಾಡಿ. ಎರಡನೇ ಗೇರು ಬಿದ್ದಮೇಲೆ ಕಡ್ಡಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಎಗರುತ್ತದೆ. ಸೀಟಿನ ಸ್ಪ್ರಿಂಗು ಕೂತವನಿಗೆ ನೆಮ್ಮದಿ ಕೊಡುವುದಿಲ್ಲ. ಮೊದಲ ದಿನ ಮಧ್ಯಾಹ್ನ ರೇಡಿಯೇಟರಿಗೆ ನೀರು ಹಾಕುವಾಗ ಮುಂದಿನ ಎಡಗಡೆಯ ಮಡ್‌ಗಾರ್ಡ್ ಕಣ್ಣಿಗೆ ಬಿತ್ತು. ಗಾಡಿಯೆಲ್ಲ ಹಳೇದು, ಅದೊಂದು ಹೊಸದು. ಒಳಗೆ ಕೈ ಹಾಕಿ ಬೆಸುಗೆಯ ಮೇಲೆ ಹೆಬ್ಬೆರಳು ಓಡಿಸಿದೆ. ನಾನು ಬೆಸೆದರೆ ಸಾಲು ಬಲಕ್ಕೆ ವಾಲುತ್ತದೆ. ಅಪ್ಪನದೂ ಹಾಗೇ ಇತ್ತು. ಇದು ಎಡಕ್ಕೆ ವಾಲಿತ್ತು. ಎಡಗೈಯವನು ಬೆಸೆದದ್ದು. ಎಲ್ಲೂ ಒಂದು ತೂತಿಲ್ಲ, ಒಂದು ಗಂಟಿಲ್ಲ. ಬಲಗೈ ಇದ್ದಾಗ ನಿನ್ನ ಕೆಲಸ ಇಷ್ಟು ಚೊಕ್ಕ ಇರಲಿಲ್ಲ. ರಸ್ತೆಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೆಮ್ಮೆಪಟ್ಟೆ. ಇದೊಂದೇ ಯಾಕೆ ಹೊಸದು ಅಂತ ಮಾತ್ರ ತಲೆಗೆ ಹೊಳೆಯಲಿಲ್ಲ. ದಡ್ಡ ನಾನು.

ಎರಡನೇ ದಿನ, ಸೋಮವಾರ, ಮಧ್ಯಾಹ್ನ ಮೂರು ರಸ್ತೆ ಕೂಡುವ ಒಂದು ಜಾಗಕ್ಕೆ ಬಂದೆ. ಟೀ ಅಂಗಡಿ, ಮೋಟಾರು ವೈಂಡಿಂಗ್ ಅಂಗಡಿ, ಅದರಾಚೆ ಪಂಕ್ಚರ್ ಅಂಗಡಿ. ನಿನಗೆ ಗೊತ್ತಿರುವ ಜಾಗ. ನಾಯಿಯೊಂದು ರಸ್ತೆಯ ನಡುವೆ ಮಲಗಿತ್ತು. ಖುಷಿಯಲ್ಲಿದ್ದೆ, ಅಪ್ಪ ನಮ್ಮ ಬೀದಿ ತಿರುವಿನಲ್ಲಿ ಹೊಡೆಯುತ್ತಿದ್ದ ಹಾಗೇ ಹೊಡೆದೆ. ಎರಡು ಗಿಡ್ಡ, ಒಂದು ಉದ್ದ. ಆ ಸದ್ದಿಗೆ ಅಮ್ಮ ಒಲೆಯ ಮೇಲೆ ನೀರಿಡುತ್ತಿದ್ದಳು. ಇಲ್ಲಿ ಟೀ ಅಂಗಡಿಯವನ ಕೈಯಿಂದ ಜರಡಿ ಬಿತ್ತು. ಪಂಕ್ಚರ್ ಅಂಗಡಿಯಿಂದ ಒಬ್ಬ ಬರಿಗಾಲಲ್ಲಿ ಓಡಿ ಬಂದ. ಒಬ್ಬರು ತಳ್ಳುಗಾಡಿಯನ್ನು ಗಾಡಿಗೆ ಅಡ್ಡ ಹಾಕಿದರು.

ಬರಿಗಾಲಿನವನು ಕಿಟಕಿಯೊಳಗೆ ಕೈ ಹಾಕಿ ನನ್ನ ಕಾಲರು ಹಿಡಿದ. ‘ಇವನೇ ಕಣ್ರೋ, ಗಡ್ಡ ಬಿಟ್ಕೊಂಡು ಬಂದಿದಾನೆ’ ಅಂದ.

ಏನು, ಯಾಕೆ ಅಂತ ಕೇಳಬಹುದಿತ್ತು. ಬೇರೆಯವರಾಗಿದ್ದರೆ ಕೇಳುತ್ತಿದ್ದರು. ನಾನು ಬಾಗಿಲನ್ನು ಒದ್ದು ಅವನ ಮೊಣಕಾಲಿಗೆ ಬಡಿಸಿದೆ. ಅವನು ಬಗ್ಗಿದ. ಸೀಟಿನ ಕೆಳಗಿನ ಜಾಕ್ ರಾಡು ತೆಗೆದು ಇಳಿದು, ಅವನು ನೆಟ್ಟಗಾಗುವ ಮೊದಲೇ ಅವನ ಹೆಗಲಿಗೆ ಬಾರಿಸಿದೆ. ಕೊರಳೆಲುಬು ಮುರಿದದ್ದು ರಾಡಿನಲ್ಲೇ ಗೊತ್ತಾಯಿತು, ಕೈಗೆ ಬಂತು. ನಿಜ ಹೇಳುತ್ತೇನೆ, ಆ ಕ್ಷಣ ಹಿತವಾಗಿತ್ತು. ಟೀ ಅಂಗಡಿಯವನ ಪಕ್ಕೆಗೂ ಒಂದು ಬಿತ್ತು. ಆಮೇಲೆ ಹಿಂದಿನಿಂದ ಯಾರೋ ಟೈರು ಕಳಚುವ ಪಟ್ಟಿಯಲ್ಲಿ ನನ್ನ ಕಿವಿಯ ಮೇಲೆ ಕೊಟ್ಟರು. ನೆಲಕ್ಕೆ ಬಿದ್ದೆ. ಬಿದ್ದವನನ್ನು ಹೇಗೆ ತುಳಿಯುತ್ತಾರೆ ಅಂತ ನಿನಗೆ ಬರೆಯಬೇಕಾಗಿಲ್ಲ. ಹುಬ್ಬು ಒಡೆಯಿತು. ಎರಡು ಹಲ್ಲು ಮಣ್ಣಿನಲ್ಲಿ ಉಗುಳಿದೆ. ಪಕ್ಕೆಲುಬು ಎಷ್ಟು ಅಂತ ಡಾಕ್ಟರು ಎಣಿಸಿ ಮೂರು ಅಂದ. ಇನ್ನೊಂದು ಏಟಿದೆ, ಅದನ್ನು ಕೊನೆಗೆ ಬರೆಯುತ್ತೇನೆ.

ನಿಲ್ಲಿಸಿದ್ದು ಒಂದು ಹುಡುಗಿ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ಮೊಣಕೈವರೆಗೂ ಟ್ಯೂಬಿನ ಕಪ್ಪು. ಜನರ ನಡುವೆ ನುಗ್ಗಿ ಬಂದು ಬರಿಗಾಲಿನವನನ್ನು ಹಿಡಿದುಕೊಂಡಳು.

‘ಬಿಡು ಚಿಕ್ಕಪ್ಪ, ಇವರಲ್ಲ. ಇವರು ಬಲಗೈಯಲ್ಲಿ ರಾಡ್ ಬೀಸಿದ್ರು, ನಾನೇ ನೋಡ್ದೆ. ಅವರಿಗೆ ಬಲಗೈಯಲ್ಲಿ ಒಂದು ನಟ್ ಹಿಡಿಯೋಕೂ ಆಗ್ತಿರಲಿಲ್ಲ.’

ಪಂಕ್ಚರ್ ಅಂಗಡಿ ಅವಳಪ್ಪನದು. ಅಪ್ಪ ಎಲ್ಲಿ ಅಂತ ನೀನು ಕೇಳುವುದಿಲ್ಲ, ನಿನಗೆ ಗೊತ್ತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ವಾರಕ್ಕೊಂದು ಸಲ ಆ ದಾರಿಯಲ್ಲಿ ಹೋಗುವ ಒಬ್ಬ ಮನುಷ್ಯ. ಹೆಸರು ಯಾರೂ ಕೇಳಲಿಲ್ಲ, ಹಾರ್ನಿನವರು ಅಂತಲೇ ಕರೆಯುತ್ತಿದ್ದರು. ದೂರದಿಂದ ಎರಡು ಗಿಡ್ಡ ಒಂದು ಉದ್ದ ಕೇಳಿದರೆ ಇವಳಪ್ಪ ಕೂತಲ್ಲಿಂದಲೇ ಕೈ ಎತ್ತುತ್ತಿದ್ದನಂತೆ. ಆ ದಿನ ರಿಪೇರಿಗೆ ಬಿಟ್ಟ ಟೈರು ತಯಾರಿತ್ತು. ಹಾರ್ನ್ ಕೇಳಿ, ನೀನು ಇಳಿಯುವ ಕಷ್ಟ ಬೇಡ ಅಂತ ಟೈರು ಉರುಳಿಸಿಕೊಂಡು ರಸ್ತೆಗೆ ಬಂದ. ನೀನು ಎಂದಿಗಿಂತ ಜೋರಾಗಿ ಬರುತ್ತಿದ್ದೆ. ಎಡಗಡೆಯ ಮಡ್‌ಗಾರ್ಡ್ ಅವನಿಗೆ ಬಡಿಯಿತು.

ನೀನು ಇಳಿದೆಯಂತೆ. ಎಡಗೈಯಲ್ಲಿ ಬಾಗಿಲು ತೆಗೆದೆಯಂತೆ. ಬಗ್ಗಿ ಮುಖ ನೋಡಿದೆಯಂತೆ. ಅವಳು ಓಡಿ ಬರುವಷ್ಟರಲ್ಲಿ ಗಾಡಿ ಹತ್ತಿ ಹೋಗಿಬಿಟ್ಟೆಯಂತೆ. ಅರ್ಧ ಗಂಟೆ ಉಸಿರಿತ್ತು ಅವನಿಗೆ. ಆಸ್ಪತ್ರೆ ನಾಲ್ಕು ಮೈಲಿ. ನಿನ್ನ ಗಾಡಿಯ ಹಿಂದುಗಡೆ ಖಾಲಿ ಇತ್ತು. ಬೇರೆ ಗಾಡಿ ಸಿಗುವ ಹೊತ್ತಿಗೆ ಮುಗಿದುಹೋಯಿತು. ಪೊಲೀಸರು ಬಂದು ಬರೆದುಕೊಂಡು ಹೋದರಂತೆ, ಬರೆದದ್ದು ಬರೆದಲ್ಲೇ ಇದೆ.

ಇದನ್ನು ಕೇಳಿದಾಗ ನೀನು ಎದುರಿಗಿದ್ದಿದ್ದರೆ ಆ ರಾಡು ನಿನ್ನ ತಲೆಯ ಮೇಲೆ ಬೀಳುತ್ತಿತ್ತು. ನಿನ್ನ ಊರು ಇಲ್ಲಿಂದ ಎರಡು ಗಂಟೆ. ನಿನ್ನನ್ನು ಹುಡುಕಿಕೊಂಡು ಬರದಿದ್ದದ್ದಕ್ಕೆ ಆ ಸಿಟ್ಟೂ ಒಂದು ಕಾರಣ.

ಆಮೇಲೆ ಅವಳು ಒಂದು ಮಾತು ಹೇಳಿದಳು. ಗಾಯಕ್ಕೆ ನೀರು ಹಾಕುತ್ತಿದ್ದಳು, ಹಾಗೇ ಹೇಳಿದಳು. ಒಂದು ಸಲ ಅವಳಪ್ಪ ನಿನ್ನ ಕೈಗೆ ಏನಾಯಿತು ಅಂತ ಕೇಳಿದ್ದನಂತೆ. ಕೆಲಸ ಮಾಡುವಾಗ ಅಣ್ಣನ ಕೈಯಿಂದ ಸುತ್ತಿಗೆ ಜಾರಿತು, ಪಾಪ, ಅವನ ತಪ್ಪಲ್ಲ ಅಂದೆಯಂತೆ.

ನಿನ್ನ ಅತ್ತಿಗೆಗೂ ನಾನು ಹಾಗೇ ಹೇಳಿದ್ದೇನೆ. ಊರಿಗೆಲ್ಲ ಹಾಗೇ ಹೇಳಿದ್ದೇನೆ. ನನ್ನ ಸುಳ್ಳನ್ನು ಇಷ್ಟು ದೂರ ನೀನೂ ಹೊತ್ತುಕೊಂಡು ತಿರುಗಿದ್ದೀಯ ಅಂತ ಗೊತ್ತಿರಲಿಲ್ಲ. ಈಗ ಬರೆಯುತ್ತೇನೆ, ಕಾಗದದ ಮೇಲೆ ಇರಲಿ. ಸುತ್ತಿಗೆ ಜಾರಲಿಲ್ಲ. ಅಪ್ಪನ ಲಾರಿ ಗುಜರಿಗೆ ಹೋಗುವ ದಿನ. ನೀನು ಹಾರ್ನಿನ ಬೋಲ್ಟು ಬಿಚ್ಚುತ್ತಿದ್ದೆ. ದೊಡ್ಡ ಮಗ ನಾನು, ಅದು ನನ್ನದು ಅಂದೆ. ಅಪ್ಪನ ಜೊತೆ ಕೊನೆವರೆಗೆ ಲಾರಿಯಲ್ಲಿ ಕೂತದ್ದು ನಾನು ಅಂದೆ ನೀನು. ಅದು ನಿಜವಾಗಿತ್ತು, ಅದಕ್ಕೇ ಹೊಡೆದೆ. ನೋಡಿಕೊಂಡೇ ಹೊಡೆದೆ. ಒಂದಲ್ಲ, ಎರಡು ಸಲ. ಹೊಡೆದವನು ಸುತ್ತಿಗೆ ಅಲ್ಲೇ ಬಿಸಾಡಿ ನಡೆದುಬಿಟ್ಟೆ. ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಪಕ್ಕದ ಮನೆಯ ದರ್ಜಿ.

ಇಳಿದು ನೋಡಿ ಹೊರಟುಹೋಗುವುದನ್ನು ನೀನು ಎಲ್ಲಿ ಕಲಿತೆ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಬಹಳ ಯೋಚಿಸಬೇಕಾಗಿಲ್ಲ.

ಹೌದು, ಮೂರು ದಿನದಿಂದ ಇಲ್ಲೇ ಇದ್ದೇನೆ, ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ. ನಾನು ಯಾರ ಕೊರಳೆಲುಬು ಮುರಿದೆನೋ ಆ ಬರಿಗಾಲಿನವನು ಸತ್ತವನ ತಮ್ಮ. ಅವನೂ ಕೈ ಕಟ್ಟಿಸಿಕೊಂಡು ಪಕ್ಕದಲ್ಲೇ ಕೂತಿದ್ದಾನೆ. ಮೊದಲ ದಿನ ನನ್ನ ಮೇಲೆ ಉಗುಳಿದ. ಎರಡನೇ ದಿನ ಟೀ ಬಂದಾಗ ಲೋಟವನ್ನು ನನ್ನ ಕಡೆ ತಳ್ಳಿದ. ಪಕ್ಕೆ ನೋಯಿಸಿಕೊಂಡ ಟೀ ಅಂಗಡಿಯವನು ನಮ್ಮಿಬ್ಬರಿಗೂ ಸಕ್ಕರೆ ಹಾಕುವುದಿಲ್ಲ. ಅಣ್ಣನಿಗಾಗಿ ಬರಿಗಾಲಲ್ಲಿ ಓಡಿ ಬಂದು ಹೊಡೆಯುವ ತಮ್ಮನನ್ನು ಹತ್ತಿರದಿಂದ ನೋಡುತ್ತಿದ್ದೇನೆ. ಹೊಟ್ಟೆಕಿಚ್ಚಾಗುತ್ತದೆ.

ನಿನ್ನ ಟೈರು ಇನ್ನೂ ಇಲ್ಲಿದೆ. ಗೋಡೆಗೆ ಒರಗಿಸಿದ್ದಾರೆ. ಟೈರಿನ ಮೇಲೆ ಗಿರಾಕಿಯ ಗುರುತು ಸೀಮೆಸುಣ್ಣದಲ್ಲಿ ಬರೆಯುವುದು ಹುಡುಗಿಯ ಅಪ್ಪನ ಪದ್ಧತಿ. ಇದರ ಮೇಲೆ ‘ಹಾರ್ನ್’ ಅಂತ ಬರೆದಿದ್ದಾನೆ. ಅಂಗಡಿ ಗುಡಿಸುವಾಗ ಹುಡುಗಿ ಪೊರಕೆ ಅದಕ್ಕೆ ತಾಗದ ಹಾಗೆ ಗುಡಿಸುತ್ತಾಳೆ.

ನೀವು ಅವರ ಅಣ್ಣನಾ ಅಂತ ಮೊದಲ ದಿನವೇ ಕೇಳಿದಳು. ಅಲ್ಲ ಅಂದೆ. ಯಾರ್ಡಿನವನಿಂದ ಕೊಂಡೆ, ಮಾರಿದವನು ಯಾರೋ ಗೊತ್ತಿಲ್ಲ ಅಂದೆ. ಅವಳು ನನ್ನ ಹಣೆ ನೋಡಿದಳು, ಮೂಗು ನೋಡಿದಳು, ಬಟ್ಟೆ ಹಿಂಡಿ ಮತ್ತೆ ಗಾಯ ಒರೆಸಿದಳು. ಏಟು ತಿನ್ನುವಾಗ ಅಷ್ಟು ನೋಯಲಿಲ್ಲ.

ಈಗ ನಾನು ಹೇಳುವುದು ಕೇಳು. ಬಾ. ಬಸ್ಸಿಗೆ ಬಾ, ನಡೆದಾದರೂ ಬಾ. ಈ ಅಂಗಡಿಯ ಮುಂದೆ ನಿಂತು ನಾನೇ ಅಂತ ಹೇಳು. ಆಮೇಲೆ ಪೊಲೀಸ್ ಠಾಣೆಗೆ ಹೋಗೋಣ, ಇಬ್ಬರೂ. ಇವರು ಹೊಡೆಯುತ್ತಾರೆ, ಹೊಡೆಯುವುದಿಲ್ಲ ಅಂತ ಸುಳ್ಳು ಹೇಳಲಾರೆ. ನಾನು ನಿನ್ನ ಮುಂದೆ ನಿಲ್ಲುತ್ತೇನೆ, ಮೊದಲು ನನ್ನನ್ನು ದಾಟಬೇಕು. ಈ ಮುದಿ ಮೈಯಲ್ಲಿ ಒಡೆಯದೆ ಉಳಿದದ್ದು ಇನ್ನೂ ಸ್ವಲ್ಪ ಇದೆ. ಹತ್ತು ದಿನ. ಹನ್ನೊಂದನೇ ದಿನ ನಿನ್ನ ಹೆಸರು, ಬೀದಿ, ಮನೆ ಎಲ್ಲ ಠಾಣೆಯಲ್ಲಿ ನಾನೇ ಬರೆಸುತ್ತೇನೆ. ಬರೆಸುತ್ತೇನೆ ಅಂದರೆ ಬರೆಸುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತು.

ಹಾರ್ನ್ ಗಾಡಿಯಲ್ಲೇ ಇದೆ. ಅದನ್ನು ಮಾರಿದ್ದು ಯಾಕೆ ಅಂತ ಈಗ ಅರ್ಥವಾಯಿತು. ಬಂದು ನೀನೇ ಬಿಚ್ಚು. ನನ್ನ ಹತ್ತಿರ ಸುತ್ತಿಗೆ ಇರುವುದಿಲ್ಲ.

ಇಂತಿ,
ನಿನ್ನ ಅಣ್ಣ

ಮರೆತದ್ದು: ಲಕೋಟೆಯ ಮೇಲಿನ ದುಂಡು ಅಕ್ಷರ ನನ್ನದಲ್ಲ ಅಂತ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಅದು ಆ ಹುಡುಗಿಯದು. ನನ್ನ ಅಕ್ಷರ ಅಂಚೆಯವನಿಗೆ ಓದಲು ಬರುವುದಿಲ್ಲ ಅಂತ ಕಾಗದ ಶುರು ಮಾಡುವ ಮೊದಲೇ ಅವಳನ್ನು ಕರೆದೆ, ಹೆಸರು ವಿಳಾಸ ಹೇಳಿದೆ, ಅವಳು ಬರೆದಳು. ಬರೆದು ಮುಗಿಸಿ ಬಹಳ ಹೊತ್ತು ಅದನ್ನೇ ನೋಡಿದಳು. ಚಿಕ್ಕಪ್ಪನಿಗೆ ಹೇಳಲಿಲ್ಲ, ಹತ್ತು ದಿನ ನೋಡ್ತೀನಿ ಅಂದಳು. ಹತ್ತು ದಿನ ಅಂತ ಮೇಲೆ ಬರೆದಿದ್ದೇನಲ್ಲ, ಅದು ನಾನು ಕೊಟ್ಟದ್ದಲ್ಲ, ಅವಳು ಕೊಟ್ಟದ್ದು. ಇನ್ನು ಆ ಕೊನೆಯ ಏಟು. ನಾನು ಬಾಗಿಲ ಚೌಕಟ್ಟು ಹಿಡಿದು ಏಳುತ್ತಿದ್ದಾಗ ಅವಳ ಚಿಕ್ಕಪ್ಪ ಬಾಗಿಲು ಒದ್ದ. ಬಲಗೈಯ ನಾಲ್ಕು ಬೆರಳು ಪುಡಿಯಾಗಿವೆ, ಇನ್ನು ಸೇರುವುದಿಲ್ಲ ಅಂದ ಡಾಕ್ಟರು. ಬೆಂಚು ಅಲ್ಲಾಡುವುದಿಲ್ಲ. ಇಷ್ಟನ್ನೂ ಎಡಗೈಯಲ್ಲಿ ಬರೆದಿದ್ದೇನೆ, ಎರಡು ದಿನ ಹಿಡಿಯಿತು. ನಿನಗೆ ಎಡಗೈ ಪಳಗುವುದಕ್ಕೆ ಎಷ್ಟು ದಿನ ಬೇಕಾಯಿತು? ಬಂದಾಗ ಹೇಳು.