ಎಡೆಗಿಟ್ಟ ಸ್ಕಾಚ್

ಸೂಲಿಬೆಲೆ
ಮಹಾಲಯ ಅಮಾವಾಸ್ಯೆ, ೧೯೪೮

ಅಪ್ಪಾ,

ನೀವು ಹೋದ ಮೇಲೆ ಇವತ್ತು ಮೊದಲ ಸಲ ನಿಮಗೆ ಎಡೆ ಇಟ್ಟೆವು. ಮುದ್ದೆ, ಕೋಳಿ ಸಾರು, ವಡೆ. ಜೊತೆಗೆ, ನೀವು ಬಟ್ಲರಾಗಿದ್ದ ದಂಡಿನ ಬಂಗಲೆಯ ದೊರೆ ತನ್ನ ದೇಶಕ್ಕೆ ಹೊರಟಾಗ ನಿಮಗೆ ಕೊಟ್ಟ ಸ್ಕಾಚ್ ಸೀಸೆ. ಅದರ ಚೀಟಿ ಓದಿದೆ. ಒಂದೇ ಭಟ್ಟಿಯ ಸಿಂಗಲ್ ಮಾಲ್ಟ್ ಅದು. ಆದರೆ ಸೀಸೆಗೆ ತುಂಬಿಸಿದ್ದು ಭಟ್ಟಿಯವರಲ್ಲ, ಅಲ್ಲಿಯ ಯಾರೋ ದಿನಸಿ ಅಂಗಡಿಯವನು, ತನ್ನದೇ ಹೆಸರು ಹಾಕಿಕೊಂಡು. ಹೆಂಡದಂಗಡಿಗಳ ಮುಂದೆ ಧರಣಿ ಕೂತ ನಾನೇ ಬಿರಡೆ ತೆಗೆದು ಲೋಟಕ್ಕೆ ಬಗ್ಗಿಸಿದೆ. ನಿಮಗೆ ಇಷ್ಟವಾದದ್ದನ್ನು ಇಡಬೇಕಲ್ಲ.

ಅವ್ವ ನೋಡಿದಳು.

"ಇದನ್ಯಾಕ್ ಇಟ್ಟೆ? ನಿಮ್ಮಪ್ಪ ಇಪ್ಪತ್ತು ವರ್ಷ ದೊರೆಗಳಿಗೆ ಬಗ್ಸಿ ಕೊಟ್ರು. ಒಂದ್ ತೊಟ್ಟು ಬಾಯಿಗ್ ಹಾಕ್ಲಿಲ್ಲ ಕಣೋ."

"ಮತ್ತೆ ಮೈಮೇಲೆ ವಾಸ್ನೆ?"

"ಅವ್ರು ಚೆಲ್ಲಿದ್ದನ್ನ ಒರೆಸ್ತಿದ್ದೋರು ಯಾರು?"

"ನಂಗ್ಯಾಕ್ ಹೇಳ್ಲಿಲ್ಲ?"

"ನೀನ್ ಕೇಳಿದ್ಯಾ?"

ಎಡೆಗಿಟ್ಟದ್ದನ್ನು ಚೆಲ್ಲುವ ಹಾಗಿಲ್ಲ, ಮನೆಯವರೇ ಮುಗಿಸಬೇಕು. ಕುಡಿದೆ. ಗಂಟಲು ಉರಿಯಿತು. ಆಮೇಲೆ ಸೌದೆಯ ಹೊಗೆ, ಚೂರು ಉಪ್ಪು, ಕೊನೆಗೆಲ್ಲೋ ಜೇನು. ಅದರ ಹಿಂದೆಯೇ ನಿಮ್ಮ ಬಿಳಿ ಕೋಟಿನ ವಾಸನೆ ಬಂತು. ಕುಡುಕನ ಕೋಟು ಒಳಗೆ ಬೇಡವೆಂದು ನಾನು ಜಗಲಿಯ ಗೂಟಕ್ಕೆ ಹಾಕಿಸಿದ ಕೋಟು.

ಅದನ್ನು ಒಳಗೆ ತರಲು ಎದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಬಿಡು. ನೀನ್ ಬೇಡ ಅಂದ್ಮೇಲೆ ಒಂಬತ್ತು ವರ್ಷ, ಮನೆಗ್ ಬಂದಾಗೆಲ್ಲ ಅವರೇ ಅಲ್ಲಿ ನೇತಾಕಿ ಒಳಕ್ಕೆ ಬರ್ತಿದ್ರು. ಅಲ್ಲೇ ಇರ್ಲಿ."